ಚಿಕಿತ್ಸೆಯ ಮೂರನೆಯ ಪಾದ

ನಮ್ಮ ಬೀದಿಯಲ್ಲಿ ನಾಲ್ಕು ಮನೆಗಳಾಚೆಗೆ ವಾಸವಾಗಿರುವ ಒಂದು ಸಂಸಾರದ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವೆವು. ಆ ಮನೆಯ ವೃದ್ಧ ತಾಯಿಗೆ ಮಳೆಗಾಲದ ಮೊದಲಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲುಗಳು ಬಿದ್ದುಹೋದುವು, ಮಾತೂ ತೊದಲಿತು. ಮಗನು ತಡಮಾಡದೆ ಆಕೆಯನ್ನು ಪಟ್ಟಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದನು. ಅಲ್ಲಿಯ ಡಾಕ್ಟರುಗಳು ಮಾಡತಕ್ಕುದನ್ನೆಲ್ಲ ಮಾಡಿದರು, ಜೀವವು ಉಳಿಯಿತು. ಹನ್ನೊಂದನೆಯ ದಿನ, ಇನ್ನು ಆಸ್ಪತ್ರೆಯಲ್ಲಿ ಮಾಡತಕ್ಕುದೇನೂ ಇಲ್ಲವೆಂದು ತಿಳಿಸಿ, ಮಾತ್ರೆಗಳ ಚೀಟಿಯೊಂದನ್ನು ಕೈಗಿತ್ತು ಮನೆಗೆ ಕಳುಹಿಸಿದರು. ಚೀಟಿಯಲ್ಲಿ ಆರು ಬಗೆಯ ಮಾತ್ರೆಗಳ ಹೆಸರಿದ್ದಿತು. ಹಾಸಿಗೆ ಹಿಡಿದವರನ್ನು ಹೇಗೆ ಮಗ್ಗುಲಿಗೆ ಹೊರಳಿಸಬೇಕು, ಹೇಗೆ ಉಣ್ಣಿಸಬೇಕು, ಹೇಗೆ ಶುಚಿಮಾಡಬೇಕು ಎಂಬ ವಿಷಯವಾಗಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮೂರು ವಾರಗಳ ತರುವಾಯ ನಾವು ನೋಡಿಬರಲು ಹೋದೆವು. ಆ ತಾಯಿಯ ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲದ ಹುಣ್ಣಾಗಿದ್ದಿತು. ಸೊಸೆಯು ಆ ಮೂರು ವಾರಗಳಲ್ಲಿ ಒಂದು ರಾತ್ರಿಯೂ ನೆಟ್ಟಗೆ ನಿದ್ರೆ ಮಾಡಿರಲಿಲ್ಲವೆಂಬುದು ಆಕೆಯ ಕಣ್ಣುಗಳಲ್ಲಿಯೇ ಕಾಣುತ್ತಿದ್ದಿತು. ನೋಡಲು ಬಂದಿದ್ದ ನೆಂಟರಲ್ಲೊಬ್ಬರು, ಹುಣ್ಣನ್ನು ಕಂಡು, ಮನೆಯಲ್ಲಿ ಲಕ್ಷ್ಯ ಸಾಲದೆಂದು ಆಕೆಗೆ ಕೇಳುವಂತೆಯೇ ಆಡಿದರು. ಆಕೆಯು ಅವರಿಗೆ ಉತ್ತರಕೊಡಲಿಲ್ಲ. ನಾವು ಹೊರಟಾಗ ಬಾಗಿಲವರೆಗೆ ಬಂದು, “ಆಸ್ಪತ್ರೆಯಲ್ಲಿ ನಾಲ್ಕು ಜನ ಸರದಿಯ ಮೇಲೆ ಮಾಡುತ್ತಿದ್ದುದನ್ನು ಮನೆಯಲ್ಲಿ ನಾನೊಬ್ಬಳೇ ಮಾಡಬೇಕೆಂದು ಯಾರೂ ಹೇಳಲಿಲ್ಲ, ಹೇಗೆ ಮಾಡಬೇಕೆಂದೂ ಹೇಳಲಿಲ್ಲ” ಎಂದಳು. ಆ ಮಾತು ನಮ್ಮನ್ನು ಬಿಡದೆ ಹಿಂಬಾಲಿಸಿದುದರಿಂದಲೇ ಈ ಲೇಖನವು ಹುಟ್ಟಿತು.

ಈ ಹುಣ್ಣಿಗೆ ಹೊಣೆ ಯಾರು? ಡಾಕ್ಟರುಗಳೆನ್ನೋಣವೇ, ಅವರು ಸಾವಿನ ಬಾಯಿಂದ ಜೀವವನ್ನು ತಂದುಕೊಟ್ಟವರು. ಸೊಸೆಯೆನ್ನುವುದು ಅನ್ಯಾಯ. ರೋಗವನ್ನು ನೋಡುವವರು ಒಬ್ಬರು, ರೋಗಿಯನ್ನು ನೋಡಿಕೊಳ್ಳುವವರು ಮತ್ತೊಬ್ಬರು, ಇವರಿಬ್ಬರ ನಡುವೆ ಮಾತುಕತೆಯೇ ಇಲ್ಲ ಎಂಬ ನಮ್ಮ ಕಾಲದ ಏರ್ಪಾಟೇ ಇದಕ್ಕೆ ಹೊಣೆಯೆಂದು ನಮ್ಮ ಅಭಿಪ್ರಾಯ.

ನಮ್ಮ ಹಿರಿಯರು ಹೀಗೆ ಎಣಿಸಿರಲಿಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುವುದು. ವೈದ್ಯನು ಒಂದು, ಔಷಧದ್ರವ್ಯವು ಎರಡು, ಉಪಸ್ಥಾತನು, ಎಂದರೆ ರೋಗಿಯ ಬಳಿಯಿದ್ದು ಶುಶ್ರೂಷೆ ಮಾಡುವವನು ಮೂರು, ರೋಗಿಯು ನಾಲ್ಕು. ಈ ಮೂರನೆಯ ಪಾದಕ್ಕೆ ಬೇಕಾದ ಗುಣಗಳನ್ನೂ ಆ ಗ್ರಂಥವು ಎಣಿಸಿಕೊಟ್ಟಿದೆ: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಇವುಗಳಲ್ಲಿ ಮೊದಲನೆಯದು ತಿಳಿವಳಿಕೆಯೆಂಬುದನ್ನು ವಾಚಕರು ಗಮನಿಸಬೇಕು. ಪ್ರೀತಿಯು ಮೂರನೆಯದಾಗಿ ಬರುವುದು. ಪ್ರೀತಿಯೊಂದಿದ್ದರೆ ಶುಶ್ರೂಷೆಯು ತಾನಾಗಿ ಬಂದುಬಿಡುವುದೆಂದು ನಾವೀಗ ಭಾವಿಸಿರುವೆವು. ಹೆಂಗಸಾಗಿ ಹುಟ್ಟಿದವಳಿಗೆ ಅದು ಹುಟ್ಟಿನಿಂದಲೇ ಬಂದಿರುವುದೆಂದು ಬೇರೆ ನಂಬಿರುವೆವು. ಕಲಿಸದೆಯೇ ಬರಲು ಅದೇನೂ ಉಸಿರಾಟವಲ್ಲ. ಕಲಿತು ಮಾಡಬೇಕಾದ ವಿದ್ಯೆ.

ಆಸ್ಪತ್ರೆಯ ಏರ್ಪಾಟು ಹೀಗೇಕಾಯಿತೆಂಬುದಕ್ಕೆ ಕಾರಣವುಂಟು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು; ೧೯೦೦ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಆ ಕಾಲದ ರೋಗಗಳು ಪ್ಲೇಗು, ಕಾಲರಾ, ಸಿಡುಬು, ವಿಷಮಜ್ವರಗಳು. ಅವು ಬಂದರೆ ಕೆಲವು ದಿನಗಳಲ್ಲಿ ಮನುಷ್ಯನು ಉಳಿಯುತ್ತಿದ್ದನು, ಇಲ್ಲವೆ ಹೋಗುತ್ತಿದ್ದನು. ಸ್ವಾತಂತ್ರ್ಯವು ಬಂದಾಗ ನಮ್ಮ ದೇಶದವರ ಸರಾಸರಿ ಆಯುಸ್ಸು ಸುಮಾರು ೩೨ ವರ್ಷಗಳು ಮಾತ್ರವಿದ್ದಿತು. ಇಂದು ಅದು ಸುಮಾರು ೭೦ಕ್ಕೆ ಏರಿದೆ. ೨೦೧೧ರ ಜನಗಣತಿಯಲ್ಲಿಯೇ ಅರವತ್ತು ದಾಟಿದವರು ೧೦ ಕೋಟಿಗೆ ಮೇಲ್ಪಟ್ಟಿದ್ದರು. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಆಯುಸ್ಸಿನೊಂದಿಗೆ ರೋಗದ ಸ್ವರೂಪವೂ ಬದಲಾಯಿತು. ಲಕ್ವ, ಮಧುಮೇಹ, ಹೃದ್ರೋಗ, ಅರ್ಬುದ, ಮರೆವಿನ ಕಾಯಿಲೆ, ಇವು ಹನ್ನೊಂದು ದಿನಗಳಲ್ಲಿ ಮುಗಿಯುವ ಕಾಯಿಲೆಗಳಲ್ಲ. ಆಸ್ಪತ್ರೆಯಲ್ಲಿ ಕಳೆಯುವ ಪ್ರತಿಯೊಂದು ದಿನಕ್ಕೆ ಮನೆಯಲ್ಲಿ ಕಳೆಯುವ ದಿನಗಳು ಎಷ್ಟೋ ಮಡಿ. ಹೀಗಿದ್ದರೂ ನಮ್ಮ ಏರ್ಪಾಟು ಮಾತ್ರ ಪ್ಲೇಗಿನ ಕಾಲದಂತೆ ಆಸ್ಪತ್ರೆಯ ಗೋಡೆಯೊಳಗೇ ನಿಂತಿದೆ.

ಇದನ್ನು ಮುಂಚೆ ಕಂಡವರಿಲ್ಲದಿಲ್ಲ. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕವಾದ ಸಮಿತಿಯು ೧೯೪೬ರಲ್ಲಿ ಒಪ್ಪಿಸಿದ ವರದಿಯಲ್ಲಿ, ಹಣವಿಲ್ಲವೆಂಬ ಕಾರಣದಿಂದ ಯಾರೂ ತಕ್ಕ ವೈದ್ಯ ಸಹಾಯವನ್ನು ಕಳೆದುಕೊಳ್ಳಕೂಡದೆಂದೂ, ರೋಗವನ್ನು ತಡೆಯುವ ಕೆಲಸವನ್ನೂ ವಾಸಿಮಾಡುವ ಕೆಲಸವನ್ನೂ ಬೇರ್ಪಡಿಸಕೂಡದೆಂದೂ, ಆರೋಗ್ಯಸೇವೆಯು ಜನರಿಗೆ ಆದಷ್ಟು ಸಮೀಪದಲ್ಲಿರಬೇಕೆಂದೂ ಹೇಳಿದ್ದಿತು. ೧೯೫೨ರಿಂದ ಹಳ್ಳಿಗಾಡಿನಲ್ಲಿ ತೆರೆದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ವರದಿಯ ಫಲವೇ. ಆದರೆ ಸೇವೆಯು ಊರಿನ ಹತ್ತಿರಕ್ಕೆ ಬಂದಿತೇ ಹೊರತು ಹೊಸ್ತಿಲನ್ನು ದಾಟಿ ಹಾಸಿಗೆಯ ಬಳಿಗೆ ಬರಲಿಲ್ಲ.

ಹಣದ ಸಹಾಯವೂ ಹೊಸ್ತಿಲಿನಲ್ಲಿಯೇ ನಿಲ್ಲುವುದು. ಕೇಂದ್ರಸರ್ಕಾರವು ೨೦೧೮ರಲ್ಲಿ ಆರಂಭಿಸಿದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವು ದೊರೆಯುವುದು. ೨೦೨೪ರಿಂದ ಎಪ್ಪತ್ತು ತುಂಬಿದ ಹಿರಿಯರಿಗೆಲ್ಲ, ಬಡವ ಬಲ್ಲಿದನೆಂಬ ಭೇದವಿಲ್ಲದೆ, ಈ ಸೌಲಭ್ಯವು ದೊರೆತಿದೆ. ಎಷ್ಟೋ ಮನೆಗಳನ್ನು ಸಾಲದಿಂದ ಕಾಪಾಡಿದ ಏರ್ಪಾಟು ಇದು. ಇದನ್ನು ನಾವು ಹಳಿಯುವುದಿಲ್ಲ. ಆದರೆ ಇದು ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ ಮಾಡಿದ ಏರ್ಪಾಟು. ಬಿಡುಗಡೆಯಾದ ಮೇಲಿನ ಔಷಧ ಮೊದಲಾದ ವೆಚ್ಚವು ಇದರಲ್ಲಿ ಸೇರುವುದು ೧೫ ದಿನಗಳ ಮಟ್ಟಿಗೆ. ಹದಿನಾರನೆಯ ದಿನ ಬಿದ್ದ ಕೈ ಏಳುವುದೇ? ಮಂಚಕ್ಕೆ ಲಕ್ಷವುಂಟು, ಮನೆಗೆ ಬಂದು ಬೆನ್ನು ತೊಳೆದು ಹುಣ್ಣಿಗೆ ಬಟ್ಟೆ ಕಟ್ಟುವ ದಾದಿಗೆ ಬಿಡಿಗಾಸಿಲ್ಲ.

ಇದು ಬಡದೇಶದ ಕೊರತೆಯೆಂದು ವಾಚಕರು ತಿಳಿಯಬಾರದು. ಇಂಗ್ಲೆಂಡಿನಲ್ಲಿ ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಗಿ, ವೈದ್ಯಚಿಕಿತ್ಸೆಯು ಸರ್ವರಿಗೂ ಉಚಿತವಾಯಿತು. ಲೋಕವೇ ಮೆಚ್ಚಿದ ಕಾರ್ಯವದು. ಆದರೆ ಮುದುಕರಿಗೆ ಸ್ನಾನಮಾಡಿಸುವುದು, ಉಣ್ಣಿಸುವುದು, ಮನೆಗೆಲಸಕ್ಕೆ ನೆರವಾಗುವುದು ಮೊದಲಾದ ಆರೈಕೆಯನ್ನು ಅದರಿಂದ ಬೇರೆ ಮಾಡಿ, ಸ್ಥಳೀಯ ಸಂಸ್ಥೆಗಳಿಗೆ ವಹಿಸಿದರು. ಆ ಆರೈಕೆಗೆ ಆಸ್ತಿಪಾಸ್ತಿಯನ್ನು ನೋಡಿ ಹಣ ಕೇಳುವ ಪದ್ಧತಿಯಾಯಿತು. ಇದರ ಫಲವಾಗಿ, ಚಿಕಿತ್ಸೆಯು ಮುಗಿದ ವೃದ್ಧರು, ಮನೆಯಲ್ಲಿ ನೋಡಿಕೊಳ್ಳುವ ಏರ್ಪಾಟು ಆಗದೆ, ಆಸ್ಪತ್ರೆಯ ಮಂಚದಲ್ಲಿಯೇ ಉಳಿಯುವುದು ಆ ದೇಶದ ತೀರದ ತೊಂದರೆಗಳಲ್ಲಿ ಒಂದಾಗಿದೆ. ಅಲ್ಲಿ ಮಂಚದಿಂದ ಮನೆಗೆ ಹೋಗಲಾಗದು. ಇಲ್ಲಿ ಮನೆಗೆ ಹೋದ ಮೇಲೆ ಕೇಳುವವರಿಲ್ಲ. ಚಿಕಿತ್ಸೆಯನ್ನೂ ಆರೈಕೆಯನ್ನೂ ಸೀಳಿದುದರ ಫಲವು ಎರಡು ಕಡೆಯೂ ಒಂದೇ.

ಆ ದೇಶದಲ್ಲಿಯೇ ಈ ಸೀಳನ್ನು ತನ್ನೊಬ್ಬಳ ಬಾಳಿನಲ್ಲಿ ಕೂಡಿಸಿದ ಒಬ್ಬ ಮಹಾಸ್ತ್ರೀಯು ಇದ್ದಳು. ಸಿಸಿಲಿ ಸಾಂಡರ್ಸ್ ಎಂಬಾಕೆಯು ಮೊದಲು ದಾದಿಯಾಗಿದ್ದಳು. ಬೆನ್ನುನೋವಿನಿಂದ ಆ ಕೆಲಸವನ್ನು ಬಿಡಬೇಕಾಗಿ ಬಂದಾಗ, ರೋಗಿಗಳ ಮನೆಯ ಕಷ್ಟಗಳನ್ನು ವಿಚಾರಿಸುವ ಸಮಾಜಸೇವಕಿಯಾದಳು. ಬಳಿಕ ಮೂವತ್ತು ದಾಟಿದ ವಯಸ್ಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಡಾಕ್ಟರಾದಳು. ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ಸ್ಥಾಪಿಸಿದಳು. ಸಾಯುವವನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ನೋವು, ಮನೆಯ ಚಿಂತೆ, ಆತ್ಮದ ಕಳವಳ ಇವೆಲ್ಲ ಸೇರಿ ಒಂದೇ ನೋವೆಂದು ಆಕೆಯು ಬೋಧಿಸಿದಳು. ವಾಸಿಯಾಗದ ರೋಗಿಗಳ ಕ್ಲೇಶವನ್ನು ಶಮನಮಾಡುವ ಉಪಶಮನ ಚಿಕಿತ್ಸೆಯೆಂಬ ಇಂದಿನ ವೈದ್ಯಶಾಖೆಗೆ ಆ ಮಾತೇ ತಳಹದಿ.

ಇನ್ನು ನಮ್ಮ ನೆರೆಯ ಕೇರಳದ ಕಡೆಗೆ ತಿರುಗೋಣ. ಈ ವಿಷಯದಲ್ಲಿ ನಾವು ಕಲಿಯತಕ್ಕ ಪಾಠವು ಹತ್ತಿರದಲ್ಲಿಯೇ ಇದೆ. ಕೋಳಿಕ್ಕೋಡಿನಲ್ಲಿ ೧೯೯೩ರಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಡಾಕ್ಟರ್ ಸುರೇಶ್‌ಕುಮಾರರೂ ಅವರ ಸಂಗಡಿಗರೂ ಕೂಡಿ, ಅರ್ಬುದರೋಗಿಗಳ ನೋವನ್ನು ಶಮನಮಾಡಲು ಒಂದು ಸಂಘವನ್ನು ಕಟ್ಟಿದರು. ಮೊದಲು ಅದೂ ಆಸ್ಪತ್ರೆಯ ಆವರಣದಲ್ಲಿಯೇ ನಡೆಯುತ್ತಿದ್ದಿತು. ಆದರೆ ಏಳಲಾರದ ರೋಗಿಯು ಆಸ್ಪತ್ರೆಗೆ ಬರುವುದೆಂತು? ಬಂದರೂ, ದಾರಿಖರ್ಚಿಗೂ ಇಲ್ಲದವನು ಮತ್ತೆ ಬರುವುದೆಂತು? ಅವನ ನೋವು ತಗ್ಗಿದರೂ, ಮನೆಯಲ್ಲಿ ಅಕ್ಕಿಯಿಲ್ಲದಿದ್ದರೆ ಆ ಸುಖವೆಷ್ಟರದು? ಇಂಥ ಪ್ರಶ್ನೆಗಳು ಅವರನ್ನು ರೋಗಿಯ ಮನೆಗೆ ಕರೆದೊಯ್ದುವು.

ಮನೆಗೆ ಹೋಗಬೇಕಾದರೆ ಡಾಕ್ಟರುಗಳು ಸಾಲರು. ಆದಕಾರಣ ೨೦೦೧ರ ವೇಳೆಗೆ, ಮಲಪ್ಪುರಂ ಮೊದಲಾದ ಉತ್ತರಕೇರಳದ ಪ್ರಾಂತಗಳಲ್ಲಿ, ನೆರೆಹೊರೆಯವರನ್ನೇ ಕೂಡಿಸಿಕೊಂಡು ಒಂದು ಜಾಲವನ್ನು ಹೆಣೆದರು. ಅದರ ನಿಯಮವು ಬಹು ಸರಳವಾದುದು. ವಾರಕ್ಕೆ ಎರಡು ಗಂಟೆಗಳನ್ನಾದರೂ ಕೊಡಬಲ್ಲೆನೆಂದು ಮುಂದೆ ಬಂದವರಿಗೆ ಸುಮಾರು ೧೬ ಗಂಟೆಗಳ ಪಾಠವನ್ನೂ ಕೆಲವು ದಿನಗಳ ಪ್ರತ್ಯಕ್ಷ ಅಭ್ಯಾಸವನ್ನೂ ಕೊಡುವರು. ಹೀಗೆ ಕಲಿತವರು ತಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ವಿಚಾರಿಸಿ ತಿಳಿಯುವರು. ರೋಗಿಯೊಡನೆ ಕುಳಿತು ಮಾತನಾಡುವರು. ಮನೆಯವರಿಗೆ ಶುಶ್ರೂಷೆಯ ಕ್ರಮವನ್ನು ತೋರಿಸಿಕೊಡುವರು. ಮಕ್ಕಳ ಶಾಲೆ ನಿಂತಿದ್ದರೆ ಪುಸ್ತಕಕ್ಕೂ, ಒಲೆ ಆರಿದ್ದರೆ ಅಕ್ಕಿಗೂ ಊರಿನವರಿಂದಲೇ ಚಿಲ್ಲರೆ ಹಣವನ್ನು ಕೂಡಿಸುವರು. ಇವರ ಹಿಂದೆ ತರಬೇತಾದ ದಾದಿಯು ಬರುವಳು. ಹುಣ್ಣಿಗೆ ಔಷಧ ಹಚ್ಚುವುದು, ಮೂತ್ರದ ನಳಿಗೆಯನ್ನು ಬದಲಾಯಿಸುವುದು, ನೋವಿನ ಪ್ರಮಾಣವನ್ನು ಬರೆದಿಡುವುದು ಆಕೆಯ ಕೆಲಸ. ಆಕೆಯ ಹಿಂದೆ ಡಾಕ್ಟರು. ಇಲ್ಲಿ ಕ್ರಮವು ಹೇಗೆ ತಲೆಕೆಳಗಾಗಿದೆಯೆಂದು ನೋಡಿರಿ! ನಮ್ಮಲ್ಲಿ ಡಾಕ್ಟರು ಮುಂದೆ, ಮನೆಯವರು ಕೊನೆಗೆ. ಅಲ್ಲಿ ಮನೆಯವರು ಮುಂದೆ, ಅವರ ಬೆನ್ನಿಗೆ ಉಳಿದವರೆಲ್ಲ.

ಅರ್ಬುದದಿಂದ ಮೊದಲಾದ ಈ ಕಾರ್ಯವು ಲಕ್ವ, ಬೆನ್ನುಮೂಳೆಯ ಪೆಟ್ಟು, ಮುಪ್ಪಿನ ದೌರ್ಬಲ್ಯ, ದೀರ್ಘಕಾಲದ ಮಾನಸಿಕ ರೋಗಗಳವರೆಗೂ ಹಬ್ಬಿತು. ೨೦೦೮ರಲ್ಲಿ ಕೇರಳಸರ್ಕಾರವು ಉಪಶಮನ ಚಿಕಿತ್ಸೆಗೆಂದೇ ಒಂದು ಧೋರಣೆಯನ್ನು ಪ್ರಕಟಿಸಿ ಇದನ್ನು ಸಾರ್ವಜನಿಕ ಆರೋಗ್ಯಸೇವೆಯ ಅಂಗವಾಗಿ ಅಂಗೀಕರಿಸಿತು. ಅಲ್ಲಿಂದ ಮುಂದೆ ಗ್ರಾಮಪಂಚಾಯತಿಗಳು ತಮ್ಮ ಹಣದಿಂದಲೇ ಮನೆಮನೆಗೆ ಹೋಗುವ ದಾದಿಯರನ್ನು ನೇಮಿಸತೊಡಗಿದುವು. ರಸ್ತೆಗೂ ದೀಪಕ್ಕೂ ಹಣವಿಡುವ ಪಂಚಾಯತಿಯು ಹಾಸಿಗೆ ಹಿಡಿದವರಿಗಾಗಿಯೂ ಹಣವಿಡಬೇಕೆಂಬುದು ಅಲ್ಲಿ ಲೋಕರೂಢಿಯಾಯಿತು.

ಇದನ್ನು ಓದಿ, “ಇದು ಸರ್ಕಾರವು ತನ್ನ ಕರ್ತವ್ಯವನ್ನು ಪುಣ್ಯವಂತರ ತಲೆಗೆ ಕಟ್ಟುವ ಉಪಾಯವಲ್ಲವೆ?” ಎಂದು ಕೇಳುವವರಿರುವರು. ಪ್ರಶ್ನೆಯು ನ್ಯಾಯವಾದುದೇ. ಸಂಬಳವಿಲ್ಲದ ಸ್ವಯಂಸೇವಕರು ಸಂಬಳದ ದಾದಿಗೆ ಬದಲಾಗಲಾರರು, ಬದಲಾಗಲೂಕೂಡದು. ೨೦೦೫ರಿಂದ ಹಳ್ಳಿಹಳ್ಳಿಯಲ್ಲಿ, ಸುಮಾರು ಸಾವಿರ ಜನಕ್ಕೊಬ್ಬಳಂತೆ, ದುಡಿಯುತ್ತಿರುವ ಆಶಾ ಕಾರ್ಯಕರ್ತೆಯರನ್ನೇ ನೋಡಿರಿ. ಬಸುರಿ ಬಾಣಂತಿಯರ ವಿಚಾರಣೆ, ಲಸಿಕೆ, ಸಮೀಕ್ಷೆ ಎಂದು ಅವರ ಹೊರೆಯು ಏರುತ್ತಲೇ ಇದೆ. ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ ಪ್ರೋತ್ಸಾಹಧನಗಳು. ಆ ಹೊರೆಯ ಮೇಲೆ ಹಾಸಿಗೆ ಹಿಡಿದವರ ಆರೈಕೆಯನ್ನೂ ಹೇರಿದರೆ ಅದು ಸುಧಾರಣೆಯೆನಿಸದು. ದಾದಿಗೆ ಸಂಬಳ ಕೊಡತಕ್ಕುದು ಸರ್ಕಾರ, ಪಕ್ಕದಲ್ಲಿ ಕುಳಿತು ಮಾತನಾಡತಕ್ಕವರು ನೆರೆಯವರು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಮತ್ತೆ ಕೆಲವರು, “ಹಿಂದೆ ಅವಿಭಕ್ತ ಕುಟುಂಬಗಳಲ್ಲಿ ಇದೆಲ್ಲ ತಾನಾಗಿ ನಡೆಯುತ್ತಿರಲಿಲ್ಲವೆ?” ಎನ್ನುವರು. ನಡೆಯುತ್ತಿದ್ದುದು ನಿಜ, ಆದರೆ ಯಾರಿಂದ ನಡೆಯುತ್ತಿದ್ದಿತು? ಬಹಳ ಮನೆಗಳಲ್ಲಿ, ಗಂಡನನ್ನು ಕಳೆದುಕೊಂಡು ತವರಿನಲ್ಲಿ ಉಳಿದ ಅತ್ತೆಯೋ, ಬಡವಳಾದ ಸೋದರಿಯೋ, ಕಿರಿಯ ಸೊಸೆಯೋ ಇರುಳೆಲ್ಲ ಎಚ್ಚರವಾಗಿದ್ದು ದುಡಿದುದರಿಂದ ನಡೆಯುತ್ತಿದ್ದಿತು. ಅವರ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಬರೆಯಲಿಲ್ಲವಾದುದರಿಂದ ಅದು ತಾನಾಗಿ ನಡೆದಂತೆ ತೋರುವುದು. ಹಿಂದಿನ ಮನೆಯ ಪ್ರೀತಿಯನ್ನು ನಾವು ಉಳಿಸಿಕೊಳ್ಳೋಣ. ಆ ಅನ್ಯಾಯವನ್ನು ಉಳಿಸಿಕೊಳ್ಳುವುದು ಬೇಡ.

ಕಾಲವು ಮೆಲ್ಲಗೆ ತಿರುಗುತ್ತಿರುವ ಲಕ್ಷಣಗಳು ಕಾಣುತ್ತಿವೆ. ತಮಿಳುನಾಡಿನ ಸರ್ಕಾರವು ೨೦೨೧ರಲ್ಲಿ, ನಮ್ಮ ಗಡಿಗೆ ಹೊಂದಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ, ಜನರನ್ನು ಅರಸಿ ಹೋಗುವ ವೈದ್ಯವೆಂಬ ಅರ್ಥದ ಹೆಸರಿನ ಯೋಜನೆಯೊಂದನ್ನು ಆರಂಭಿಸಿತು. ರಕ್ತದೊತ್ತಡ ಮಧುಮೇಹಗಳ ಮಾತ್ರೆಗಳನ್ನು ಮನೆಗೆ ತಲುಪಿಸುವುದಲ್ಲದೆ, ಏಳಲಾರದವರಿಗೆ ಅಂಗಸಾಧನೆಯನ್ನೂ ಉಪಶಮನದ ಆರೈಕೆಯನ್ನೂ ಮನೆಯಲ್ಲಿಯೇ ಒದಗಿಸುವುದು ಅದರ ಉದ್ದೇಶ. ನಮ್ಮ ಕರ್ನಾಟಕದಲ್ಲಿಯೂ ೨೦೨೪ರಲ್ಲಿ ಕೋಲಾರ ಜಿಲ್ಲೆಯಿಂದ ಮೊದಲಾದ ಗೃಹ ಆರೋಗ್ಯ ಯೋಜನೆಯು ರಕ್ತದೊತ್ತಡ ಮಧುಮೇಹ ಮೊದಲಾದುವನ್ನು ಮನೆಬಾಗಿಲಿನಲ್ಲಿಯೇ ಪರೀಕ್ಷಿಸಲು ಹೊರಟಿದೆ. ಹೊಸ್ತಿಲನ್ನು ದಾಟುವ ಅಭ್ಯಾಸವು ಹೀಗೆ ಆರಂಭವಾಗಿರುವುದು ಶುಭವೇ. ರೋಗವನ್ನು ಹುಡುಕಿ ಹೋದ ಕಾಲು, ರೋಗಿಯ ಆರೈಕೆಗಾಗಿಯೂ ಮತ್ತೆ ಮತ್ತೆ ಅದೇ ಹೊಸ್ತಿಲನ್ನು ದಾಟಬೇಕು. ನಾವು ಬೇಡುವುದು ಅಷ್ಟೆ.

ಸರ್ಕಾರವು ಮಾಡುವವರೆಗೆ ಗೃಹಸ್ಥರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಆಸ್ಪತ್ರೆಯಿಂದ ಹೊರಡುವ ಮುನ್ನಾದಿನವೇ ಅಲ್ಲಿಯ ದಾದಿಯ ಬಳಿ ನಿಂತು, ಹೊರಳಿಸುವುದು, ಉಣ್ಣಿಸುವುದು, ಶುಚಿಮಾಡುವುದು, ಎತ್ತಿ ಕೂರಿಸುವುದು ಈ ನಾಲ್ಕನ್ನೂ ಕೈಯಾರೆ ಮಾಡಿ ಕಲಿಯಬೇಕು. ಕಲಿಯತಕ್ಕವರು ಒಬ್ಬರಲ್ಲ, ಇಬ್ಬರು. ಅವರಲ್ಲೊಬ್ಬರು ಗಂಡಸಾಗಿರುವುದು ಲೇಸು. ತಾನಾಗಿ ಹೊರಳಲಾರದ ರೋಗಿಯನ್ನು ಎರಡು ಗಂಟೆಗಳಿಗೊಮ್ಮೆ ಮಗ್ಗುಲು ಬದಲಾಯಿಸಬೇಕೆಂಬುದು ಸಾಮಾನ್ಯ ನಿಯಮ. ಎಳೆಯದೆ, ಎತ್ತಿ ಹೊರಳಿಸಬೇಕು. ದಿನಕ್ಕೊಮ್ಮೆಯಾದರೂ ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ಬೆಳಕಿನಲ್ಲಿ ನೋಡಬೇಕು. ಒತ್ತಿದರೂ ಮಾಸದ ಕೆಂಪೋ, ಕಪ್ಪು ಮೈಯಲ್ಲಿ ಇನ್ನೂ ಕಪ್ಪಾದ ಅಥವಾ ಬಿಸಿಯಾದ ತಾಣವೋ ಕಂಡರೆ ಅದೇ ಹುಣ್ಣಿನ ಮೊದಲು. ಅಲ್ಲಿ ತಿಕ್ಕಕೂಡದು, ಭಾರ ಬೀಳಗೊಡಕೂಡದು, ದಾದಿಗಾಗಲಿ ಡಾಕ್ಟರಿಗಾಗಲಿ ತಿಳಿಸಬೇಕು. ಒದ್ದೆಯಾದ ಹಾಸನ್ನು ಕೂಡಲೆ ಬದಲಾಯಿಸಬೇಕು. ಲಕ್ವದವರಿಗೆ ಮಲಗಿದ್ದಂತೆಯೇ ಉಣ್ಣಿಸಿದರೆ ಅನ್ನವು ಶ್ವಾಸಕ್ಕೆ ಸಿಕ್ಕುವ ಅಪಾಯವುಂಟು. ಆದುದರಿಂದ ನುಂಗಲು ಬರುವುದೇ ಎಂದು ಆಸ್ಪತ್ರೆಯಲ್ಲಿಯೇ ಕೇಳಿ ತಿಳಿದು, ನೆಟ್ಟಗೆ ಕೂರಿಸಿ, ಸಣ್ಣ ತುತ್ತುಗಳನ್ನಿಟ್ಟು, ಉಂಡ ಮೇಲೆ ಅರ್ಧಗಂಟೆಯಾದರೂ ಹಾಗೆಯೇ ಕೂರಿಸಿರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಶುಶ್ರೂಷೆ ಮಾಡುವವರ ಸರದಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಬೇಕು. ಅದರಲ್ಲಿ ಯಾರ ಹೆಸರು ಎಷ್ಟು ಸಲ ಬಂದಿದೆಯೆಂದು ಮನೆಯ ಯಜಮಾನನು ಒಮ್ಮೆ ಎಣಿಸಿ ನೋಡಲಿ. ಒಂದೇ ಹೆಸರು ತುಂಬಿದ್ದರೆ ಆ ಮನೆಯಲ್ಲಿ ರೋಗಿಗಳು ಇಬ್ಬರೆಂದು ತಿಳಿಯತಕ್ಕುದು. ಎರಡನೆಯವಳು ಇನ್ನೂ ಹಾಸಿಗೆ ಹಿಡಿದಿಲ್ಲ, ಅಷ್ಟೆ.

ನಮ್ಮ ನೆರೆಮನೆಯ ಸಂಗತಿಯನ್ನು ಮುಗಿಸಿ ಲೇಖನಿಯನ್ನು ಕೆಳಗಿಡುವೆವು. ಬೀದಿಯಲ್ಲಿಯೇ ವಾಸವಾಗಿರುವ, ಕೆಲಸದಿಂದ ವಿಶ್ರಾಂತಿ ಪಡೆದ ದಾದಿಯೊಬ್ಬರಿಗೆ ನಾವು ಹೋಗಿ ಸಮಾಚಾರವನ್ನು ತಿಳಿಸಿದೆವು. ಅವರು ಬಂದು ನೋಡಿ, ಮೊದಲು ಡಾಕ್ಟರಿಗೆ ತೋರಿಸುವಂತೆ ಮಾಡಿದರು. ಬಳಿಕ ಅವರು ಹೇಳಿದಂತೆ ಹುಣ್ಣಿಗೆ ಬಟ್ಟೆ ಕಟ್ಟುವುದನ್ನೂ, ಹೊರಳಿಸುವ ಕ್ರಮವನ್ನೂ ಸೊಸೆಗೂ ಮಗನಿಗೂ ಕಲಿಸಿದರು. ಬೀದಿಯ ನಾಲ್ಕು ಮನೆಗಳವರು ಮಧ್ಯಾಹ್ನದ ಎರಡೆರಡು ಗಂಟೆಗಳನ್ನು ಹಂಚಿಕೊಂಡೆವು. ಮೊದಲ ದಿನ ನಮ್ಮ ಸರದಿ. ಸೊಸೆಯು ಪಕ್ಕದ ಕೋಣೆಗೆ ಹೋದವಳು ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ, ನಾವೂ ಎಬ್ಬಿಸಲಿಲ್ಲ. ಹುಣ್ಣು ಈಗ ರೂಪಾಯಿಯ ಅಗಲಕ್ಕೆ ಇಳಿದಿದೆ. ಆ ತಾಯಿಯು ಕೈಯನ್ನೆತ್ತಲಾರಳು. ಮುಂದೆಯೂ ಎತ್ತುವಳೋ ಇಲ್ಲವೋ ಹೇಳಲಾಗದು. ಆದರೆ ಹೊರಳಿಸುವಾಗ ಈಗ ಆಕೆಯು ನರಳುವುದಿಲ್ಲ.

ನಿಮ್ಮ ಬೀದಿಯಲ್ಲಿಯೂ ಇಂಥ ಮನೆಯೊಂದು ಇದ್ದೀತು. ವಾರಕ್ಕೆ ಎರಡು ಗಂಟೆಗಳು ನಿಮ್ಮಲ್ಲಿಯೂ ಇದ್ದಾವು. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ವಾಚಕರು ಆ ಬಾಗಿಲನ್ನೊಮ್ಮೆ ತಟ್ಟಿ, ರೋಗಿಯನ್ನು ಮಾತ್ರವಲ್ಲದೆ ರೋಗಿಯ ಬಳಿ ನಿಂತವಳನ್ನೂ ಹೇಗಿದ್ದೀಯೆಂದು ವಿಚಾರಿಸಬೇಕೆಂದು ಪ್ರಾರ್ಥಿಸುವೆವು.